ವಾಣಿಜ್ಯ ದಾವೆ ಕಲಿಸುವ ವಾರಾಂತ್ಯದ ತರಗತಿ: ದಾವಣಗೆರೆಯ ವಕೀಲೆಯೊಬ್ಬಳ ಅನಿಸಿಕೆ

ಬೆಂಗಳೂರಿನ ಗಾಂಧಿನಗರದಲ್ಲಿ ಹಿರಿಯ ವಕೀಲರೊಬ್ಬರು ತಮ್ಮ ಕಚೇರಿಯ ಮೇಲಿನ ಮಹಡಿಯಲ್ಲಿ ಶನಿವಾರ, ಭಾನುವಾರ ವಾಣಿಜ್ಯ ದಾವೆಗಳ ತರಬೇತಿ ನಡೆಸುತ್ತಾರೆ. ಫೀ 12 ಸಾವಿರ ರೂಪಾಯಿ. ಮಧ್ಯಾಹ್ನದ ಊಟ ಮತ್ತು ಅಭ್ಯಾಸದ ಕಡತ ಅದರಲ್ಲೇ ಸೇರಿದೆ. ಈ ವರ್ಷದ ತಂಡದಲ್ಲಿ ನಾನೂ ಇದ್ದೆ. ಮುಗಿಸಿ ಬಂದ ಮೇಲೆ ನಮ್ಮ ಬಾರಿನ (ವಕೀಲರ ಸಂಘದ) ಕಿರಿಯರು ಹೇಗಿತ್ತು, ಹೋಗಬಹುದಾ ಎಂದು ಕೇಳುತ್ತಲೇ ಇದ್ದಾರೆ. ಎಲ್ಲರಿಗೂ ಒಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ. ಕಚೇರಿಯ ಹೆಸರು ಬೇಕೆಂದೇ ಹಾಕಿಲ್ಲ. ವಕೀಲರು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಜಾಹೀರಾತು ಮಾಡಿಕೊಳ್ಳುವಂತಿಲ್ಲ ಎನ್ನುವುದು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ. ನಾನು ಬರೆದ ನಾಲ್ಕು ಒಳ್ಳೆಯ ಮಾತಿನಿಂದ ಅವರು ಯಾರಿಗೋ ಉತ್ತರ ಕೊಡುವಂತಾಗಬಾರದು.

ನಮ್ಮೂರಿನದು ಉದ್ರಿಯ ವ್ಯಾಪಾರ. ಮೆಕ್ಕೆಜೋಳ, ಭತ್ತ, ಅಡಿಕೆ, ಬಟ್ಟೆ, ಟ್ರ್ಯಾಕ್ಟರಿನ ಬಿಡಿಭಾಗ, ಯಾವುದನ್ನೇ ತೆಗೆದುಕೊಳ್ಳಿ, ಮಾಲು ಇವತ್ತು ಹೋಗುತ್ತದೆ, ದುಡ್ಡು ಹಬ್ಬ ಕಳೆದ ಮೇಲೆ ಬರುತ್ತದೆ. ಬಾರದಿದ್ದಾಗ ವ್ಯಾಪಾರಿ ನಮ್ಮ ಕಚೇರಿಯ ಮೆಟ್ಟಿಲು ಹತ್ತುತ್ತಾನೆ. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ 2015ರಲ್ಲಿ ಬಂದಾಗ ನಾವು ಜಿಲ್ಲೆಯ ವಕೀಲರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಕೋಟಿಗಿಂತ ಕಡಿಮೆ ಮೌಲ್ಯದ ವಿವಾದ ಅದರ ವ್ಯಾಪ್ತಿಗೇ ಬರುತ್ತಿರಲಿಲ್ಲ. 2018ರ ಮೇ 3ರಿಂದ ಆ ಮಿತಿ ಮೂರು ಲಕ್ಷಕ್ಕೆ ಇಳಿಯಿತು. ಮೂರು ಲಕ್ಷ ಎಂದರೆ ಒಂದು ಲಾರಿ ಜೋಳದ ಬಾಕಿ! ದೊಡ್ಡ ಕಂಪನಿಗಳ ಕಾನೂನು ಎಂದುಕೊಂಡದ್ದು ರಾತ್ರಿ ಬೆಳಗಾಗುವುದರೊಳಗೆ ಮಂಡಿಪೇಟೆಯ ಕಾನೂನಾಯಿತು. ನಮ್ಮ ಅಭ್ಯಾಸ ಮಾತ್ರ ಹಳೆಯದೇ ಉಳಿಯಿತು. ವಾದಪತ್ರ ಮೊದಲು, ದಾಖಲೆ ಆಮೇಲೆ, ಸಾಕ್ಷಿ ಸಿಕ್ಕಾಗ, ವಾಯಿದೆ ಬೇಕಾದಾಗ.

ಆ ಅಭ್ಯಾಸದಿಂದ ಕಕ್ಷಿದಾರನಿಗೆ ಆಗುವ ನಷ್ಟ ಎಷ್ಟು ಎನ್ನುವುದನ್ನು ಈ ತರಗತಿ ಮೊದಲ ದಿನವೇ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಇವರು ಕಲಂಗಳಿಂದ ಶುರು ಮಾಡುವುದೇ ಇಲ್ಲ. ಬೆಳಿಗ್ಗೆ ಹೋಗಿ ಕುಳಿತ ಕೂಡಲೇ ಪ್ರತಿ ಮೇಜಿಗೂ ಒಂದು ದಪ್ಪ ರಟ್ಟಿನ ಪೆಟ್ಟಿಗೆ ಬರುತ್ತದೆ. ಒಳಗೆ ಒಂದು ಕಲ್ಪಿತ ವ್ಯವಹಾರದ ಕಾಗದಗಳು, ಕಕ್ಷಿದಾರ ತಂದು ಸುರಿಯುವ ಹಾಗೆಯೇ ಕಲಸಿಹೋಗಿವೆ. ಪೀಣ್ಯದ ಒಂದು ರಟ್ಟಿನ ಡಬ್ಬಿ ತಯಾರಕರ ಪಾಲುದಾರಿಕೆ ಸಂಸ್ಥೆ, ಬಿಸ್ಕತ್ತು ಮಾಡುವ ಒಂದು ಕಂಪನಿಗೆ ಡಬ್ಬಿ ಪೂರೈಸಿದೆ, 41 ಲಕ್ಷ ಬಾಕಿ. ಖರೀದಿ ಆದೇಶ, ಇನ್‌ವಾಯ್ಸ್, ಡೆಲಿವರಿ ಚಲನ್, ಲಾರಿ ರಸೀದಿ, ಇ-ವೇ ಬಿಲ್, ಖಾತೆ ಪುಸ್ತಕದ ಹಾಳೆ, ವಾಟ್ಸಾಪ್ ಮಾತುಕತೆಯ ಮುದ್ರಣ, ಮಧ್ಯೆ ಎಲ್ಲೋ ಒಂದು ಮದುವೆ ಕರೆಯೋಲೆ ಕೂಡ. ಮಧ್ಯಾಹ್ನದೊಳಗೆ ಇವುಗಳಿಂದ ಮೂರು ಹಾಳೆ ತಯಾರಾಗಬೇಕು: ತಾರೀಖುಗಳ ಪಟ್ಟಿ, ದಾಖಲೆಗಳ ಪಟ್ಟಿ, ಮತ್ತು ಪ್ರತಿ ಇನ್‌ವಾಯ್ಸಿಗೂ ದಾವೆ ಹಾಕುವ ಕಾಲಮಿತಿ ಯಾವತ್ತು ಮುಗಿಯುತ್ತದೆ ಎನ್ನುವ ಲೆಕ್ಕ. ವಾದಪತ್ರದ ಒಂದು ಸಾಲೂ ಬರೆಯುವಂತಿಲ್ಲ.

ನನ್ನ ಪಕ್ಕದ ಮೇಜಿನ ತುಮಕೂರಿನ ವಕೀಲರು ಚುರುಕು. ಎಲ್ಲರಿಗಿಂತ ಮೊದಲು ಮುಗಿಸಿದರು. ಹಿರಿಯರು ಬಂದು ಅವರ ಪಟ್ಟಿಯ ಮೇಲೆ ಕಣ್ಣಾಡಿಸಿ, "ಜುಲೈ ತಿಂಗಳ ಮೇಲ್ ಎಲ್ಲಿ?" ಎಂದರು. ಆ ಮೇಲ್ ಪೆಟ್ಟಿಗೆಯ ತಳದಲ್ಲಿತ್ತು. ಮಳೆಗಾಲದಲ್ಲಿ ಬಂದ ಡಬ್ಬಿಗಳು ತೇವ ಹಿಡಿದಿದ್ದವು, ಪದರ ಬಿಟ್ಟುಕೊಂಡಿವೆ ಎಂದು ಬಿಸ್ಕತ್ತು ಕಂಪನಿ ಬರೆದ ದೂರು ಅದು. ನಮಗೆ ವಿರುದ್ಧವಾದದ್ದು ಎಂದು ಅವರು ಪಕ್ಕಕ್ಕಿಟ್ಟಿದ್ದರು. ಹಿರಿಯರು ದನಿ ಏರಿಸಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಗೆ ವಾಣಿಜ್ಯ ಕಾಯ್ದೆ ತಂದ ಹೊಸ ಆದೇಶ 11ನ್ನು ತೆರೆದು ಓದಿಸಿದರು. ವಾದಿ ತನ್ನ ವಶದಲ್ಲಿ, ಹತೋಟಿಯಲ್ಲಿ ಇರುವ, ದಾವೆಗೆ ಸಂಬಂಧಪಟ್ಟ ಎಲ್ಲ ದಾಖಲೆಯನ್ನೂ ವಾದಪತ್ರದ ಜೊತೆಗೇ ಹಾಜರುಪಡಿಸಬೇಕು, ತನಗೆ ಅನುಕೂಲವೋ ಪ್ರತಿಕೂಲವೋ ಎಂದು ನೋಡುವಂತಿಲ್ಲ. ಇವಿಷ್ಟೇ, ಬೇರೆ ಯಾವುದೂ ನನ್ನ ಬಳಿ ಇಲ್ಲ ಎಂದು ಪ್ರಮಾಣ ಮಾಡಿ ಹೇಳಬೇಕು. "ಈ ಮೇಲ್ ಬಚ್ಚಿಟ್ಟು ನಿಮ್ಮ ಪಾಲುದಾರನ ಕೈಲಿ ಸತ್ಯ ಹೇಳಿಕೆಗೆ ಸಹಿ ಹಾಕಿಸಿದಿರಿ. ನಾಳೆ ಪ್ರತಿವಾದಿ ಅದೇ ಮೇಲನ್ನು ಹಾಜರುಪಡಿಸುತ್ತಾನೆ. ಪಾಟೀಸವಾಲಿನ ಮೊದಲ ಪ್ರಶ್ನೆ ಏನಿರುತ್ತೆ?" ಕೋಣೆ ಪೂರ್ತಿ ಸುಮ್ಮನಾಯಿತು.

ಆಮೇಲೆ ಅವರು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಆ ಮೇಲನ್ನು ಹಾಜರುಪಡಿಸಿದರೆ ದಾವೆಗೆ ಬಲ ಬರುವುದು ಹೇಗೆ ಎಂದು ತೋರಿಸಿದರು. ದೂರು ಬಂದದ್ದು ಎರಡು ಇನ್‌ವಾಯ್ಸಿನ ಮಾಲಿನ ಬಗ್ಗೆ ಮಾತ್ರ. ಉಳಿದ ಮಾಲಿನ ಬಗ್ಗೆ ತಿಂಗಳುಗಟ್ಟಲೆ ಚಕಾರವೆತ್ತದೆ ಇಟ್ಟುಕೊಂಡಿದ್ದಾರೆ. ಸರಕು ಮಾರಾಟ ಕಾಯ್ದೆಯ 42ನೇ ಕಲಂ ಪ್ರಕಾರ, ತಿರಸ್ಕರಿಸಿದ್ದೇವೆ ಎಂದು ತಿಳಿಸದೆ ಸಾಕಷ್ಟು ಸಮಯ ಮಾಲು ಇಟ್ಟುಕೊಂಡರೆ ಸ್ವೀಕರಿಸಿದಂತೆಯೇ. ಅಂದರೆ ಆ ದೂರಿನ ಮೇಲ್ ಉಳಿದ ಎಲ್ಲ ಮಾಲೂ ಸರಿಯಾಗಿತ್ತು ಎನ್ನುವುದಕ್ಕೆ ನಮ್ಮದೇ ಸಾಕ್ಷ್ಯವಾಗುತ್ತದೆ. ಆ ಎರಡು ಇನ್‌ವಾಯ್ಸಿನ ಹಣವನ್ನು ಮೊದಲೇ ಕಳೆದು ದಾವೆ ಹಾಕಿದರೆ ನ್ಯಾಯಾಧೀಶರಿಗೆ ವಾದಿಯ ಮೇಲೆ ವಿಶ್ವಾಸ ಹುಟ್ಟುತ್ತದೆ. ಒಂದು ಕಾಗದವನ್ನು ಹೀಗೆ ತಿರುಗಿಸಿ ಮುರುಗಿಸಿ ಓದುವುದನ್ನು ನನಗೆ ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ.

ಕಾಲಮಿತಿಯ ಲೆಕ್ಕದ ಪಾಠವೂ ಇದೇ ಪೆಟ್ಟಿಗೆಯ ಮೇಲೆಯೇ ನಡೆಯಿತು. ಮಾರಿದ ಮಾಲಿನ ಬೆಲೆಗೆ ಮೂರು ವರ್ಷ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಯಾವತ್ತಿನಿಂದ? ಉದ್ರಿಗೆ ಇಂತಿಷ್ಟು ದಿನ ಎಂದು ಗೊತ್ತುಪಡಿಸಿರದಿದ್ದರೆ ಮಾಲು ಕೊಟ್ಟ ದಿನದಿಂದ, ಗೊತ್ತುಪಡಿಸಿದ್ದರೆ ಆ ಗಡುವು ಮುಗಿದ ದಿನದಿಂದ. ನಮ್ಮ ಕಡೆ ಬಹುತೇಕರು ಕೊನೆಯ ಇನ್‌ವಾಯ್ಸಿನಿಂದ, ಇಲ್ಲವೇ ಖಾತೆಯ ಕೊನೆಯ ಬಾಕಿಯಿಂದ ಎಣಿಸಿಬಿಡುತ್ತಾರೆ. ಖಾತೆ ಪರಸ್ಪರವಾಗಿ, ತೆರೆದು ನಡೆಯುತ್ತಿದ್ದರೆ ಮಾತ್ರ ಆ ಲೆಕ್ಕಕ್ಕೆ ಬೇರೆ ಅನುಚ್ಛೇದವಿದೆ. ಒಬ್ಬ ಮಾಲು ಕೊಟ್ಟು ಇನ್ನೊಬ್ಬ ಆಗಾಗ ದುಡ್ಡು ಕೊಟ್ಟ ಮಾತ್ರಕ್ಕೆ ಅದು ಪರಸ್ಪರ ಖಾತೆಯಾಗುವುದಿಲ್ಲ. ಪೆಟ್ಟಿಗೆಯಲ್ಲಿ ಖರೀದಿ ವಿಭಾಗದ ಅಧಿಕಾರಿ ಬರೆದ ಇನ್ನೊಂದು ಮೇಲ್ ಇತ್ತು, ಬಾಕಿ ಇರುವುದು ಹೌದು, ಮಾರ್ಚ್ ಕಳೆಯಲಿ ಎಂದು. ನಾವೆಲ್ಲ ಅದನ್ನು ಹಿಡಿದುಕೊಂಡು ಸಂಭ್ರಮಿಸಿದ್ದೆವು. ಅದು ಬಂದ ತಾರೀಖಿಗೆ ಮೊದಲ ಕೆಲವು ಇನ್‌ವಾಯ್ಸುಗಳ ಮೂರು ವರ್ಷ ಆಗಲೇ ಮುಗಿದಿತ್ತು. ಬಾಕಿಯ ಒಪ್ಪಿಗೆ ಹೊಸ ಕಾಲಮಿತಿ ಕೊಡಬೇಕಾದರೆ ಹಳೆಯದು ಮುಗಿಯುವ ಮುಂಚೆಯೇ ಬರಬೇಕು. ಮುಗಿದ ಮೇಲೆ ಬಂದರೆ ಬರೀ ಒಪ್ಪಿಗೆ ಸಾಲದು, ಕೊಡುತ್ತೇನೆ ಎಂಬ ಲಿಖಿತ ವಾಗ್ದಾನ ಬೇಕು, ಅದು ಕರಾರು ಕಾಯ್ದೆಯ 25ನೇ ಕಲಮಿನ ಮಾತು. "ಮಾರ್ಚ್ ಕಳೆಯಲಿ" ಎನ್ನುವುದು ವಾಗ್ದಾನವೋ ಅಲ್ಲವೋ ಎಂದು ಊಟದ ಹೊತ್ತಿನಲ್ಲೂ ಜಗಳ ಮುಂದುವರಿಯಿತು. ಇದರ ಮೇಲೆ ಕೋವಿಡ್ ಕಾಲದ ಲೆಕ್ಕ. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಸುಪ್ರೀಂ ಕೋರ್ಟ್ ಕಾಲಮಿತಿಯಿಂದ ಹೊರಗಿಟ್ಟಿದೆ. ಹಳೆಯ ಬಾಕಿಗಳಲ್ಲಿ ಇದನ್ನು ಸೇರಿಸಿ ಎಣಿಸದಿದ್ದರೆ ಬದುಕಿರುವ ದಾವೆಯನ್ನು ಸತ್ತಿದೆ ಎಂದು ಹೇಳಿ ಕಕ್ಷಿದಾರನನ್ನು ವಾಪಸು ಕಳಿಸಿದಂತಾಗುತ್ತದೆ.

ದಾವೆಗೆ ಮುಂಚಿನ ಮಧ್ಯಸ್ಥಿಕೆಯನ್ನು ಇವರು ಚುಟುಕಾಗಿ, ಆದರೆ ಖಚಿತವಾಗಿ ಮುಗಿಸುತ್ತಾರೆ. ತುರ್ತು ಪರಿಹಾರ ಬೇಕಿಲ್ಲದ ದಾವೆಯನ್ನು ವಾಣಿಜ್ಯ ಕಾಯ್ದೆಯ ಕಲಂ 12ಎ ಪ್ರಕಾರ ಮೊದಲು ಮಧ್ಯಸ್ಥಿಕೆಗೆ ಒಯ್ಯಲೇಬೇಕು. ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ಇದನ್ನು ಕಡ್ಡಾಯ ಎಂದು ಹೇಳಿ, ಆ ತಿಂಗಳ 20ರಿಂದ ಜಾರಿಗೆ ತಂದಿತು. ಆಮೇಲೆ ಕೆಲವರು ಉಪಾಯ ಕಂಡುಕೊಂಡರು, ಒಂದು ತಡೆಯಾಜ್ಞೆಯ ಮಧ್ಯಂತರ ಅರ್ಜಿ ಸೇರಿಸಿ ತುರ್ತು ಎಂದುಬಿಡುವುದು. 2023ರ ಯಾಮಿನಿ ಮನೋಹರ್ ತೀರ್ಪಿನ ನಂತರ ಅದೂ ಸುಲಭವಿಲ್ಲ. ತುರ್ತು ನಿಜವೋ ಮುಖವಾಡವೋ ಎಂದು ನ್ಯಾಯಾಲಯ ವಾದಪತ್ರವನ್ನೇ ಓದಿ ನೋಡುತ್ತದೆ. ನಮೂನೆ 1 ತುಂಬುವುದು, ಒಂದು ಸಾವಿರ ರೂಪಾಯಿ ಶುಲ್ಕದೊಂದಿಗೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಸಲ್ಲಿಸುವುದು, ಎದುರುಪಾರ್ಟಿ ಬಾರದಿದ್ದರೆ ಮಧ್ಯಸ್ಥಿಕೆ ನಡೆಯಲಿಲ್ಲ ಎಂಬ ನಮೂನೆ 3ರ ವರದಿ ಪಡೆಯುವುದು, ಇವನ್ನೆಲ್ಲ ಕೈಯಲ್ಲೇ ಮಾಡಿಸಿದರು. ಹಿರಿಯರ ಒಂದು ಮಾತು ಬರೆದಿಟ್ಟುಕೊಂಡಿದ್ದೇನೆ. ಮಧ್ಯಸ್ಥಿಕೆಯನ್ನು ಬರೀ ವರದಿ ಪಡೆಯುವ ಶಾಸ್ತ್ರ ಎಂದುಕೊಳ್ಳಬೇಡಿ, ಅಲ್ಲಿ ರಾಜಿಯಾದರೆ ಆ ಒಪ್ಪಂದಕ್ಕೆ ಪಂಚಾಯ್ತಿ (ಆರ್ಬಿಟ್ರೇಷನ್) ತೀರ್ಪಿನ ಬಲವಿದೆ, ನೇರ ಅಮಲ್ಜಾರಿಗೆ, ಅಂದರೆ ನ್ಯಾಯಾಲಯದ ಮೂಲಕ ವಸೂಲಿಗೆ, ಹೋಗಬಹುದು. ಬೆಂಗಳೂರಿನವರಿಗೆ ನ್ಯಾಯದೇಗುಲದ ಮಧ್ಯಸ್ಥಿಕೆ ಕೇಂದ್ರ 2007ರಿಂದ ಇದೆ, ಅವರಿಗೆ ಈ ಕೆಲಸ ಹೊಸದಲ್ಲ. ನಮ್ಮ ಕಡೆಯ ವ್ಯಾಪಾರಿಗಳಿಗೆ ಇದನ್ನು ತಿಳಿಸಿ ಹೇಳುವುದೇ ಅರ್ಧ ಕೆಲಸ.

ಎರಡನೇ ಹಂತದಲ್ಲಿ ಪಾತ್ರ ಬದಲು. ಅದೇ ಪೆಟ್ಟಿಗೆ, ಈಗ ನಾವು ಬಿಸ್ಕತ್ತು ಕಂಪನಿಯ ಪರ. ಇಲ್ಲಿ ಕಲಿತದ್ದು ದಾವಣಗೆರೆಯಲ್ಲಿ ಪ್ರತಿದಿನ ಬೇಕಾಗುವಂಥದ್ದು. ಸಾಮಾನ್ಯ ದಾವೆಯಲ್ಲಿ ಪ್ರತಿವಾದಿಯ ಉತ್ತರಕ್ಕೆ, ಅಂದರೆ ಲಿಖಿತ ಹೇಳಿಕೆಗೆ, 90 ದಿನ ಎಂದಿದ್ದರೂ ನ್ಯಾಯಾಲಯ ಮನಸ್ಸು ಮಾಡಿದರೆ ಇನ್ನೂ ಕೊಡಬಹುದು. ವಾಣಿಜ್ಯ ದಾವೆಯಲ್ಲಿ ಸಮನ್ಸ್ ಜಾರಿಯಾದ ದಿನದಿಂದ 30 ದಿನ, ಕಾರಣ ಬರೆದು ಖರ್ಚು ಹಾಕಿ ಹೆಚ್ಚೆಂದರೆ 120 ದಿನ. 121ನೇ ದಿನ ನ್ಯಾಯಾಧೀಶರ ಕೈಯಲ್ಲೂ ಏನೂ ಇಲ್ಲ. 2019ರ ಎಸ್‌ಸಿಜಿ ಕಾಂಟ್ರ್ಯಾಕ್ಟ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಬೀಗವನ್ನೇ ಹಾಕಿದೆ. ವಾದಪತ್ರ ತಿರಸ್ಕರಿಸಿ ಎಂದು ಅರ್ಜಿ ಹಾಕಿ ಅದು ತೀರ್ಮಾನವಾಗಲಿ ಎಂದು ಕಾಯುತ್ತ ಕುಳಿತರೂ ಗಡಿಯಾರ ನಿಲ್ಲುವುದಿಲ್ಲ, ಆ ಪ್ರಕರಣದಲ್ಲಿ ಆದದ್ದೂ ಅದೇ. ಸಮನ್ಸನ್ನು ಗಲ್ಲಾಪೆಟ್ಟಿಗೆಯ ಅಡಿ ಇಟ್ಟು, ದೀಪಾವಳಿ ಲೆಕ್ಕ ಮುಗಿಸಿ ವಕೀಲರ ಬಳಿ ಬರುವ ವ್ಯಾಪಾರಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರ ಪಾಲಿಗೆ ಇದು ಮನೆ ಮುಳುಗುವ ವಿಚಾರ. ನಾನು ಊರಿಗೆ ಬಂದ ವಾರವೇ ನನ್ನ ಕಾಯಂ ಕಕ್ಷಿದಾರರಿಗೆಲ್ಲ ಕನ್ನಡದಲ್ಲಿ ಒಂದು ಸಂದೇಶ ಕಳಿಸಿದೆ: ಸಮನ್ಸ್ ಬಂದ ದಿನವೇ ಅದರ ಫೋಟೊ, ಲಕೋಟೆಯ ಫೋಟೊ ನನಗೆ ಬರಬೇಕು.

ಲಿಖಿತ ಹೇಳಿಕೆಯ ಭಾಷೆಯೂ ಬದಲಾಗಬೇಕು ಎನ್ನುವುದನ್ನು ಇಷ್ಟು ಸ್ಪಷ್ಟವಾಗಿ ಇಲ್ಲೇ ಕೇಳಿದ್ದು. "ವಾದಪತ್ರದ 3ರಿಂದ 17ನೇ ಪ್ಯಾರಾಗಳು ಸುಳ್ಳು, ವಾದಿಯು ಅವುಗಳನ್ನು ಕಟ್ಟುನಿಟ್ಟಾಗಿ ರುಜುವಾತುಪಡಿಸತಕ್ಕದ್ದು" ಎಂಬ ವಾಕ್ಯವನ್ನು ನಮ್ಮ ಗುಮಾಸ್ತರು ಕಣ್ಣು ಮುಚ್ಚಿ ಟೈಪ್ ಮಾಡುತ್ತಾರೆ. ವಾಣಿಜ್ಯ ದಾವೆಯಲ್ಲಿ ಆದೇಶ 8ರ ನಿಯಮ 3ಎ ಪ್ರಕಾರ ಯಾವ ಮಾತನ್ನು ಅಲ್ಲಗಳೆಯುತ್ತೀರಿ, ಯಾಕೆ, ನಿಮ್ಮ ಪ್ರಕಾರ ನಡೆದದ್ದೇನು ಎಂದು ಒಂದೊಂದಾಗಿ ಹೇಳಬೇಕು. ಹಾಗೆ ಹೇಳದಿದ್ದರೆ ಒಪ್ಪಿಕೊಂಡಂತೆ.

ದಾಖಲೆಗಳ ಒಪ್ಪಿಗೆ-ನಿರಾಕರಣೆಯ ದಿನ ನನಗೆ ಇಡೀ ತರಬೇತಿಯ ತಿರುಳು ಎನಿಸಿತು. ಎದುರಾಳಿಯ ಪ್ರತಿ ದಾಖಲೆಗೂ ಐದು ಪ್ರಶ್ನೆ: ಅದರಲ್ಲಿರುವುದು ಸರಿಯೇ, ಅಂಥ ದಾಖಲೆ ಇದೆಯೇ, ಬರೆದು ಸಹಿ ಮಾಡಿದ್ದು ಹೌದೇ, ಕಳಿಸಿದ್ದು ಅಥವಾ ತಲುಪಿದ್ದು ಹೌದೇ, ಯಾರ ವಶದಲ್ಲಿತ್ತು. ಐದಕ್ಕೂ ಬೇರೆ ಬೇರೆ ಉತ್ತರ ಕೊಡಬಹುದು, ಕೊಡಬೇಕು. ನಮ್ಮ ಮೇಜಿಗೆ ಬಂದದ್ದು ಒಂದು ಡೆಲಿವರಿ ಚಲನ್. ಕೆಳಗೆ ಬಿಸ್ಕತ್ತು ಕಂಪನಿಯ ನೀಲಿ ಗುಂಡು ಮೊಹರು, ಅದರ ಮೇಲೆ ಓದಲಾಗದ ಒಂದು ಸಹಿ, ತಾರೀಖಿನ 3 ಎಂಬ ಅಂಕೆಯನ್ನು 8 ಮಾಡಿದಂತೆ ತಿದ್ದಿದ ಗುರುತು. ನಾವು ಪೂರ್ತಿ ನಿರಾಕರಿಸಿದ್ದೆವು. ತರಬೇತಿ ಕೊಡುತ್ತಿದ್ದ ಕಿರಿಯ ಸಹೋದ್ಯೋಗಿ ಅದರ ಪಕ್ಕದಲ್ಲಿ ಅದೇ ತಾರೀಖಿನ ಇ-ವೇ ಬಿಲ್ ಇಟ್ಟರು. ಅದರ ಪಕ್ಕ ಕಂಪನಿಯ ಜಿಎಸ್‌ಟಿ ದಾಖಲೆ, ಆ ಇನ್‌ವಾಯ್ಸಿನ ಮೇಲೆ ಕಂಪನಿ ತೆರಿಗೆ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಪಡೆದುಕೊಂಡಿದೆ. ಮಾಲೇ ಬಂದಿಲ್ಲ ಎನ್ನುವವರು ಆ ಮಾಲಿನ ತೆರಿಗೆ ಜಮೆ ಹೇಗೆ ಪಡೆದರು? ಇಂಥ ಕಡೆ ಬರಿದೇ ಅಲ್ಲಗಳೆದರೆ ಅದು ನಿರಾಕರಣೆ ಎನಿಸಿಕೊಳ್ಳುವುದೇ ಇಲ್ಲ, ಮೇಲೆ ಖರ್ಚು ಬೇರೆ ಬೀಳುತ್ತದೆ. ಕೊನೆಗೆ ನಾವು ಬರೆದ ಉತ್ತರ ಹೀಗಿತ್ತು: ಮಾಲು ತಲುಪಿದ್ದು ಒಪ್ಪಿಗೆ, ಮೊಹರು ಒಪ್ಪಿಗೆ, ತಾರೀಖು ತಿದ್ದಿದೆ ಎಂಬ ಕಾರಣಕ್ಕೆ ತಾರೀಖಿನ ಮಟ್ಟಿಗೆ ನಿರಾಕರಣೆ. ಆ ತಾರೀಖಿನ ಮೇಲೆ ಬಡ್ಡಿಯ ಲೆಕ್ಕ ನಿಂತಿದ್ದರಿಂದ ಪ್ರತಿವಾದಿಗೆ ಬೇಕಾದದ್ದು ಅಷ್ಟೇ ಆಗಿತ್ತು. ಈ ಅಳತೆಯ ನಿರಾಕರಣೆ ಕಲಿತರೆ ಅರ್ಧ ವಿಚಾರಣೆ ತಾನಾಗಿಯೇ ಕರಗುತ್ತದೆ.

ವಿದ್ಯುನ್ಮಾನ ಸಾಕ್ಷ್ಯದ ಪಾಠಕ್ಕೆ ಕಂಪ್ಯೂಟರ್ ಬಲ್ಲ ಒಬ್ಬರನ್ನು ಕರೆಸಿದ್ದರು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ವಿದ್ಯುನ್ಮಾನ ದಾಖಲೆಯನ್ನು ದೃಢೀಕರಿಸುವ ಹಳೆಯ 65ಬಿ ಪ್ರಮಾಣಪತ್ರದ ಜಾಗದಲ್ಲಿ ಈಗ 63ನೇ ಕಲಮಿನದು. ಅದಕ್ಕೆ ಎರಡು ಭಾಗ, ಒಂದಕ್ಕೆ ದಾಖಲೆ ಹಾಜರುಪಡಿಸುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ, ಎರಡರಲ್ಲೂ ಕಡತದ ಬೆರಳಚ್ಚಿನಂಥ ಹ್ಯಾಷ್ ಮೌಲ್ಯ. ಹ್ಯಾಷ್ ಎಂದರೇನು ಎಂದು ಬಾಯಲ್ಲಿ ವಿವರಿಸಲು ಹೋಗದೆ, ಒಂದು ವಾಟ್ಸಾಪ್ ಮಾತುಕತೆಯ ಕಡತ ತೆರೆದು ಅದರ ಉದ್ದನೆಯ ಅಕ್ಷರ-ಅಂಕೆಗಳ ಸಾಲನ್ನು ಗೋಡೆಯ ಮೇಲೆ ಮೂಡಿಸಿದರು. ನಂತರ ಒಂದೇ ಒಂದು ಅಲ್ಪವಿರಾಮ ಅಳಿಸಿ ಮತ್ತೆ ಲೆಕ್ಕ ಹಾಕಿದರು. ಸಾಲು ಮೊದಲಿನಿಂದ ಕೊನೆಯವರೆಗೆ ಬೇರೆಯಾಯಿತು. ಎರಡು ನಿಮಿಷದ ಕೆಲಸ, ಆದರೆ ಇನ್ನು ಮುಂದೆ ಆ ಪ್ರಮಾಣಪತ್ರದ ಅಂಕಣ ತುಂಬುವಾಗ ನಾನು ಏನು ತುಂಬುತ್ತಿದ್ದೇನೆ ಎಂದು ನನಗೆ ಗೊತ್ತಿರುತ್ತದೆ. ಜಿಲ್ಲೆಗಳಲ್ಲಿ ಆ ಎರಡನೇ ಭಾಗಕ್ಕೆ ಸಹಿ ಹಾಕುವ ತಜ್ಞರನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಮಾತ್ರ ಸರಿಯಾದ ಉತ್ತರ ಸಿಗಲಿಲ್ಲ.

ಅಣಕು ವಿಚಾರಣೆಗೆ ನಿವೃತ್ತ ಜಿಲ್ಲಾ ನ್ಯಾಯಾಧೀಶರೊಬ್ಬರು ಬಂದಿದ್ದರು. ಮೊದಲ ಪ್ರಕರಣ ನಿರ್ವಹಣಾ ವಿಚಾರಣೆ ಹೇಗಿರಬೇಕು ಎನ್ನುವುದನ್ನು ಅವರು ನಡೆಸಿಯೇ ತೋರಿಸಿದರು. ವಿವಾದಾಂಶಗಳು, ಸಾಕ್ಷಿಗಳ ಪಟ್ಟಿ, ಅವರ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸುವ ದಿನ, ಪಾಟೀಸವಾಲಿನ ದಿನ, ಲಿಖಿತ ವಾದದ ದಿನ, ಮೌಖಿಕ ವಾದಕ್ಕೆ ಎಷ್ಟು ಹೊತ್ತು, ಎಲ್ಲವೂ ಒಂದೇ ಕೂರುವಿಕೆಯಲ್ಲಿ ನಿಗದಿ. ಆ ದಿನದಿಂದ ಆರು ತಿಂಗಳೊಳಗೆ ವಾದ ಮುಗಿಯಬೇಕು, ವಾದ ಮುಗಿದ 90 ದಿನದೊಳಗೆ ತೀರ್ಪು, ಕಾಯ್ದೆ ಹೇಳುವುದು ಹೀಗೆ. ಒಬ್ಬರು ಎದ್ದು ತಮ್ಮ ಹಿರಿಯರು ಬೇರೆ ನ್ಯಾಯಾಲಯದಲ್ಲಿದ್ದಾರೆ, ಒಂದು ವಾಯಿದೆ ಬೇಕು ಎಂದು ರೂಢಿಯಂತೆ ಕೇಳಿದರು. ನ್ಯಾಯಾಧೀಶರು ಆದೇಶ 15ಎ ಓದಲು ಹೇಳಿದರು. ವಕೀಲರು ಬಂದಿಲ್ಲ ಎಂಬ ಒಂದೇ ಕಾರಣಕ್ಕೆ ಆ ವಿಚಾರಣೆಯನ್ನು ಮುಂದೂಡುವಂತಿಲ್ಲ. ಎಲ್ಲ ಸಾಕ್ಷಿಗಳ ಪ್ರಮಾಣಪತ್ರವೂ ಒಟ್ಟಿಗೇ ಬರಬೇಕು, ಮೊದಲ ಸಾಕ್ಷಿಯ ಪಾಟೀಸವಾಲು ಹೇಗಾಯಿತು ನೋಡಿಕೊಂಡು ಎರಡನೆಯವರದನ್ನು ಬರೆಯುವ ಕಾಲ ಹೋಯಿತು ಎಂದರು. ಬೆಂಗಳೂರಿನಲ್ಲಿ ವಾಣಿಜ್ಯ ದಾವೆಗಳಿಗೇ ಮೀಸಲಾದ ನ್ಯಾಯಾಲಯಗಳಿವೆ, ಅಲ್ಲಿ ಇದು ಸ್ವಲ್ಪವಾದರೂ ನಡೆಯಬಹುದು. ಕೊಲೆ ಪ್ರಕರಣ, ಅಪೀಲು, ಭೂಸ್ವಾಧೀನ ಎಲ್ಲವನ್ನೂ ಹೊತ್ತ ಜಿಲ್ಲಾ ನ್ಯಾಯಾಧೀಶರ ಮುಂದೆ ಆರು ತಿಂಗಳ ಮಾತು ಹೇಗೆ ನಡೆಯುತ್ತದೆ ಎಂದು ನಾನು ಕೇಳಿದೆ. ವೇಳಾಪಟ್ಟಿಯನ್ನು ನೀವೇ ಬರೆದು, ಎದುರು ವಕೀಲರಿಗೂ ತೋರಿಸಿ, ಸಿದ್ಧ ಆದೇಶದ ರೂಪದಲ್ಲಿ ನ್ಯಾಯಾಧೀಶರ ಮುಂದಿಡಿ, ಹೊರೆ ಹೆಚ್ಚಿದ್ದವರಿಗೆ ಸಿದ್ಧ ಕಾಗದ ಬೇಕು ಎಂದರು. ಇದನ್ನು ನಾನು ಊರಿನಲ್ಲಿ ಮಾಡಿ ನೋಡಿದೆ. ಕೆಲಸಕ್ಕೆ ಬಂತು.

ಇನ್ನು ನನಗೆ ಅಸಮಾಧಾನವಾದ ಸಂಗತಿಗಳು. ಅತಿಥಿಗಳಾಗಿ ಬಂದ ಕೆಲವರು ದೆಹಲಿ, ಮುಂಬೈಗಳ ಪದ್ಧತಿಯನ್ನು ಉದ್ದುದ್ದ ಹೇಳಿದರು. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಹೈಕೋರ್ಟುಗಳಿಗೆ ಮೂಲ ದಾವೆ ನಡೆಸುವ ಅಧಿಕಾರವಿದೆ. ಜಂಟಿ ರಿಜಿಸ್ಟ್ರಾರ್ ಮುಂದೆ ದಾಖಲೆ ಗುರುತಿಸುವುದು, ಚೇಂಬರ್ ಸಮನ್ಸ್ ತೆಗೆದುಕೊಳ್ಳುವುದು ಅಲ್ಲಿನ ಮಾತು. ಕರ್ನಾಟಕ ಹೈಕೋರ್ಟಿಗೆ ಆ ಅಧಿಕಾರ ಇಲ್ಲ. ನಮ್ಮ ವಾಣಿಜ್ಯ ದಾವೆ ಜಿಲ್ಲಾ ಮಟ್ಟದಲ್ಲೇ ಹುಟ್ಟಿ ಅಲ್ಲೇ ಡಿಕ್ರಿಯಾಗುತ್ತದೆ, ಹೈಕೋರ್ಟ್ ಕಾಣುವುದು ಮೇಲ್ಮನವಿಯಲ್ಲಿ. ಒಂದಿಡೀ ಮಧ್ಯಾಹ್ನ ಬೇರೆ ಊರಿನ ನಿಯಮ ಕೇಳುವುದಕ್ಕಿಂತ ಶಿರಸ್ತೇದಾರರು ಎತ್ತುವ ಆಕ್ಷೇಪಣೆಗಳು, ನಮ್ಮ 1958ರ ನ್ಯಾಯಾಲಯ ಶುಲ್ಕ ಕಾಯ್ದೆಯ ಲೆಕ್ಕ, ಇ-ಫೈಲಿಂಗಿನಲ್ಲಿ ದಾಖಲೆ ಜೋಡಿಸುವ ರೀತಿ ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು.

ಪಾಟೀಸವಾಲಿನ ಅಭ್ಯಾಸ ಪೂರ್ತಿ ಇಂಗ್ಲಿಷಿನಲ್ಲಿ ನಡೆದದ್ದು ನನಗೆ ಅತಿ ದೊಡ್ಡ ಕೊರತೆಯಾಗಿ ಕಂಡಿತು. ನಮ್ಮ ಸಾಕ್ಷಿ ಯಾರು? ಗೋದಾಮಿನ ಮೇಲ್ವಿಚಾರಕ, ಮಂಡಿಯ ಗುಮಾಸ್ತ, ಲಾರಿ ಚಾಲಕ. ಖರೀದಿ ಆದೇಶ ಇಂಗ್ಲಿಷಿನಲ್ಲಿದೆ, ಅದನ್ನು ಜಾರಿ ಮಾಡಿದವನು ಕನ್ನಡದಲ್ಲಿ ಮಾತಾಡುತ್ತಾನೆ. "ತೂಕ ಹಾಕುವಾಗ ನೀನು ಅಲ್ಲೇ ನಿಂತಿದ್ದೆಯಾ, ತಟ್ಟೆಯ ಮೇಲೆ ಎಷ್ಟು ಚೀಲ ಇತ್ತು, ಚೀಟಿ ಬರೆದವರು ಯಾರು" ಎಂದು ಬಿಡಿಬಿಡಿಯಾಗಿ ಕೇಳುವ ಕಲೆಯೇ ಬೇರೆ. ಪ್ರಮಾಣಪತ್ರವನ್ನು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿಸಿಕೊಂಡು, ಅದರಲ್ಲಿ ಏನಿದೆ ಎಂದೇ ಗೊತ್ತಿಲ್ಲದ ಸಾಕ್ಷಿಯನ್ನು ಕಟಕಟೆಗೆ ಹತ್ತಿಸಿ ದಾವೆ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಕನ್ನಡ ಮಾತಾಡುವ ಸಾಕ್ಷಿಯ ಪ್ರಮಾಣಪತ್ರ ಕನ್ನಡದಲ್ಲೇ ಇರಲಿ. ಅದನ್ನು ಬರೆಯುವುದು ಹೇಗೆ, "ಇನ್‌ವಾಯ್ಸಿನ ಬಾಬ್ತು" ಎಂಬ ಮಾತನ್ನು ಗೊಂದಲವಿಲ್ಲದೆ ಹೇಳುವುದು ಹೇಗೆ ಎಂಬುದಕ್ಕೆ ಒಂದು ದಿನ ಮೀಸಲಿಡಬೇಕಿತ್ತು. ಸಲಹಾ ಪತ್ರದಲ್ಲಿ ಇದನ್ನೇ ಬರೆದು ಕೊಟ್ಟು ಬಂದಿದ್ದೇನೆ. ಹಿರಿಯರು ಓದಿ, ಕನ್ನಡದ ಮಾದರಿ ಪ್ರಮಾಣಪತ್ರಗಳನ್ನು ಕಳಿಸಿಕೊಡಿ ಎಂದು ನನಗೇ ಹೇಳಿದರು.

ಅಮಲ್ಜಾರಿ ವಿಷಯಕ್ಕೆ ಕೊನೆಯ ದಿನ ಊಟದ ನಂತರದ ಒಂದು ಗಂಟೆ ಮಾತ್ರ ಕೊಟ್ಟರು. ಡಿಕ್ರಿ ಕೈಗೆ ಬಂದ ಮೇಲೆ ವ್ಯಾಪಾರಿ ಕೇಳುವುದು ಒಂದೇ, ದುಡ್ಡು ಯಾವಾಗ ಬರುತ್ತದೆ. ಅಷ್ಟರಲ್ಲಿ ಎದುರುಪಾರ್ಟಿ ಗೋದಾಮು ಖಾಲಿ ಮಾಡಿ, ಹೆಂಡತಿಯ ಹೆಸರಲ್ಲಿ ಹೊಸ ಸಂಸ್ಥೆ ತೆರೆದಿರುತ್ತಾನೆ. ದಾವೆಯ ಜೊತೆಗೇ ತೀರ್ಪಿಗೆ ಮುಂಚಿನ ಜಪ್ತಿಗೆ ಅರ್ಜಿ ಹಾಕುವುದು, ಅದಕ್ಕೆ ಬೇಕಾದ ನಿಜವಾದ ಸಂಗತಿಗಳನ್ನು ಸಂಗ್ರಹಿಸುವುದು, ಬ್ಯಾಂಕ್ ಖಾತೆ ಜಪ್ತಿ, ಆಸ್ತಿಗಳ ಪ್ರಮಾಣಪತ್ರ ಕೊಡುವಂತೆ ಕೇಳುವುದು, ಇವೆಲ್ಲ ಹಾರಿಹೋದವು. ಸಣ್ಣ ಉದ್ದಿಮೆಗಳ ಬಾಕಿಗೆ 2006ರ ಕಾಯ್ದೆಯಲ್ಲಿ ಬೇರೆ ದಾರಿಯೇ ಇದೆ. 45 ದಿನಕ್ಕಿಂತ ಹೆಚ್ಚು ಉದ್ರಿ ಇಡುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ದೂರು ಕೊಡಲು ಸೌಲಭ್ಯ ಮಂಡಳಿ. ನೋಂದಾಯಿತ ಸಣ್ಣ ಉದ್ದಿಮೆದಾರ ಬಂದಾಗ ಮಂಡಳಿಗೆ ಕಳಿಸಬೇಕೋ ವಾಣಿಜ್ಯ ನ್ಯಾಯಾಲಯಕ್ಕೋ ಎನ್ನುವುದು ಮೊದಲ ದಿನದ ಪ್ರಶ್ನೆ. ಆ ಪೆಟ್ಟಿಗೆಯ ಪೀಣ್ಯದ ಸಂಸ್ಥೆಯೇ ಅಂಥದ್ದಾಗಿದ್ದರೂ ಈ ಮಾತು ಬಂದದ್ದು ಯಾರೋ ಕೇಳಿದ ಮೇಲೆ. ಪಾಲುದಾರಿಕೆ ಸಂಸ್ಥೆ ನೋಂದಣಿಯಾಗಿದೆಯೇ ಎನ್ನುವುದನ್ನು ಮಾತ್ರ ಮೊದಲ ಗಂಟೆಯಲ್ಲೇ ಕೇಳಿಸಿದರು. ನೋಂದಣಿಯಾಗದ ಸಂಸ್ಥೆ ಕರಾರಿನ ಮೇಲೆ ದಾವೆ ಹಾಕಲಾಗದು ಎನ್ನುವ ಪಾಲುದಾರಿಕೆ ಕಾಯ್ದೆಯ 69ನೇ ಕಲಂ ನಮ್ಮ ಮಂಡಿಪೇಟೆಯಲ್ಲಿ ಎಷ್ಟು ಬಾಕಿಗಳನ್ನು ನುಂಗಿದೆಯೋ.

ಯಾರು ಹೋಗಬೇಕು? ಸನ್ನದು ಪಡೆದ ಮೊದಲ ವರ್ಷದವರು ಬೇಡ, ಅವರು ಯಾರಾದರೂ ಒಳ್ಳೆಯ ಸಿವಿಲ್ ವಕೀಲರ ಕೈಕೆಳಗೆ ಎರಡು ವರ್ಷ ವಾದಪತ್ರ ಬರೆದು ಹೋಗಲಿ. ಒಂದಿಷ್ಟು ವಿಚಾರಣೆ ಮಾಡಿದವರಿಗೆ ಇಲ್ಲಿನ ಒಂದೊಂದು ಮಾತೂ ತಮ್ಮದೇ ಯಾವುದೋ ಕಡತದ ಮೇಲೆ ಹೋಗಿ ಕೂರುತ್ತದೆ. ದಾವಣಗೆರೆ, ಹಾವೇರಿ, ಚಿತ್ರದುರ್ಗದ ಕಡೆಯವರಿಗೆ ಪ್ರಯಾಣ, ವಸತಿ ಸೇರಿ ಖರ್ಚು ದುಪ್ಪಟ್ಟಾಗುತ್ತದೆ. ಬೆಳಗಿನ ರೈಲಿಗೆ ಹೊರಟರೆ ಮೊದಲ ಅವಧಿ ತಪ್ಪುತ್ತದೆ, ಹಿಂದಿನ ರಾತ್ರಿಯೇ ಹೋಗಿ. ಆನ್‌ಲೈನ್ ಆಯ್ಕೆಯೂ ಇದೆ, ಫೀ ಅರ್ಧ. ಆದರೆ ಪೆಟ್ಟಿಗೆ ಕೈಗೆ ಬರುವುದಿಲ್ಲ, ಸ್ಕ್ಯಾನ್ ಮಾಡಿದ ಕಡತ ಬರುತ್ತದೆ. ತಿದ್ದಿದ ತಾರೀಖನ್ನು ಬೆಳಕಿಗೆ ಹಿಡಿದು ನೋಡದೆ ಆ ಪಾಠ ಪೂರ್ತಿಯಾಗುವುದಿಲ್ಲ. ಹೋಗುವುದಾದರೆ ಖುದ್ದಾಗಿಯೇ ಹೋಗಿ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಡತ ಕಟ್ಟುವುದು, ದಾಖಲೆ ಓದುವುದು, ಒಪ್ಪಿಗೆ-ನಿರಾಕರಣೆ, ಈ ಮೂರನ್ನು ಇಷ್ಟು ಶ್ರದ್ಧೆಯಿಂದ ಕಲಿಸುವವರನ್ನು ನಾನು ಬೇರೆ ಕಡೆ ಕಂಡಿಲ್ಲ. ಮುಂದಿನ ತಂಡಕ್ಕೆ ಅಮಲ್ಜಾರಿಗೆ ಪೂರ್ತಿ ಒಂದು ದಿನ ಕೊಡುತ್ತೇವೆ ಎಂದಿದ್ದಾರೆ. ಅದು ಆದರೆ ಆ ಒಂದು ದಿನದ ಫೀ ಕಟ್ಟಿ ನಾನೂ ಹೋಗುವವಳಿದ್ದೇನೆ. ನಮ್ಮ ಬಾರಿನಿಂದ ಬರುವವರಿದ್ದರೆ ಮೊದಲೇ ತಿಳಿಸಿ, ಒಟ್ಟಿಗೆ ಟಿಕೆಟ್ ಮಾಡಿಸೋಣ. ಬರುವಾಗ ನಿಮ್ಮ ಬಳಿ ಇರುವ ಹಳೆಯ ಡಿಕ್ರಿಯೊಂದರ ಪ್ರತಿಯನ್ನು, ಕಕ್ಷಿದಾರರ ಹೆಸರು ಅಳಿಸಿ, ತನ್ನಿ.